ತೊಗರಿ ಅಡತ್ ಲೆಕ್ಕಕ್ಕೆ ರಿಯಾಕ್ಟ್: ಒಂದು ಹಂಗಾಮಿನ ಬಳಕೆಯ ನಂತರ

ಕಲಬುರಗಿಯ ಗಂಜ್‌ನಲ್ಲಿರುವ ಅಡತ್ (ದಲಾಲಿ) ಅಂಗಡಿಯೊಂದಕ್ಕೆ ಕಳೆದ ಹಂಗಾಮಿನಲ್ಲಿ ತೊಗರಿ ಆವಕದ ಲೆಕ್ಕಪುಟವನ್ನು, ವೆಬ್ ಪುಟಗಳ ಪರದೆ ಕಟ್ಟಲು ನೆರವಾಗುವ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಬಳಸಿ ಸಿದ್ಧಪಡಿಸಿಕೊಟ್ಟೆ. ಮುನೀಮರು ರೈತರ ಹೆಸರು, ಚೀಲ, ತೂಕ, ದರ ಮತ್ತು ಹಮಾಲಿಯನ್ನು ತುಂಬುತ್ತ ಹೋದಂತೆ ಸಾಲಿನ ಮೊತ್ತವೂ ದಿನದ ಒಟ್ಟು ಮೊತ್ತವೂ ಆಗಿಂದಾಗಲೇ ಬದಲಾಗಬೇಕಿತ್ತು.

ಇದನ್ನೇ ಮೊದಲು ಬರಿಯ ಜಾವಾಸ್ಕ್ರಿಪ್ಟ್‌ನಲ್ಲಿ ಬರೆದಿದ್ದೆ. ದರವೊಂದು ತಿದ್ದುಪಡಿಯಾದರೆ ಪರದೆಯ ಮೇಲೆ ಯಾವ ಯಾವ ಅಂಕಿ ಬದಲಾಗಬೇಕೆಂಬುದನ್ನು ನಾನೇ ನೆನಪಿಟ್ಟು ಬರೆಯಬೇಕಿತ್ತು. ಒಂದನ್ನು ಮರೆತರೂ ಸಾಲುಗಳ ಲೆಕ್ಕವೇ ಬೇರೆ, ಅಡಿಯ ಮೊತ್ತವೇ ಬೇರೆ ಆಗುತ್ತಿತ್ತು. ಫೇಸ್‌ಬುಕ್ 2013ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ರಿಯಾಕ್ಟ್ ಈ ಹೊರೆಯನ್ನೇ ಇಳಿಸುತ್ತದೆ. ಮಾಹಿತಿ ಹೀಗಿದ್ದರೆ ಪರದೆ ಹೀಗಿರಬೇಕು ಎಂದಷ್ಟೇ ನಾವು ಹೇಳುತ್ತೇವೆ; ಸ್ಟೇಟ್, ಅಂದರೆ ಪುಟ ನೆನಪಿಟ್ಟುಕೊಂಡಿರುವ ಮಾಹಿತಿ, ಬದಲಾದಾಗ ಹಿಂದಿನ ಚಿತ್ರಣವನ್ನು ಹೊಸದರೊಡನೆ ಹೋಲಿಸಿ, ವ್ಯತ್ಯಾಸವಿರುವ ಕಡೆ ಮಾತ್ರ ಅದು ಪುಟವನ್ನು ತಿದ್ದುತ್ತದೆ. ಒಂದು ಸಾಲನ್ನು ಒಂದು ಕಾಂಪೊನೆಂಟ್ (ಪುಟದ ಬಿಡಿಭಾಗ) ಆಗಿ ಬರೆದ ಮೇಲೆ ಅದನ್ನೇ ಹತ್ತು ಸಾಲಿಗೂ ಇನ್ನೂರು ಸಾಲಿಗೂ ಬಳಸಬಹುದು. ಒಟ್ಟು ಮೊತ್ತವನ್ನು ಬೇರೆಯಾಗಿ ಕೂಡಿಡುವುದನ್ನು ಬಿಟ್ಟು, ಪ್ರತಿ ಸಲವೂ ಸಾಲುಗಳಿಂದಲೇ ಲೆಕ್ಕಹಾಕಿದ ದಿನದಿಂದ ಆ ತಾಳೆಯಾಗದ ಕಾಟ ತಪ್ಪಿತು.

ಆದರೆ ಅಜಾಗರೂಕತೆಗೆ ಇಲ್ಲಿ ದಂಡ ತೆರಲೇಬೇಕು. ಷರಾ ಕಾಲಂ ಮೊತ್ತಕ್ಕೆ ಸಂಬಂಧಿಸಿದ್ದಲ್ಲವೆಂದು ಅದನ್ನು ಆಯಾ ಸಾಲಿನ ಸ್ಟೇಟ್‌ನಲ್ಲಿಯೇ ಇಟ್ಟಿದ್ದೆ, ಮತ್ತು ಸಾಲುಗಳನ್ನು ಗುರುತಿಸಲು ರಿಯಾಕ್ಟ್ ಕೇಳುವ ಕೀ ಎಂದು ಕ್ರಮಸಂಖ್ಯೆಯನ್ನೇ ಕೊಟ್ಟಿದ್ದೆ. ಒಮ್ಮೆ ರದ್ದಾದ ಸಾಲೊಂದನ್ನು ಅಳಿಸಿದಾಗ, ಅದರಲ್ಲಿದ್ದ ‘ತೇವ ಹೆಚ್ಚು’ ಎಂಬ ಷರಾ ಕೆಳಗಿನ ರೈತರ ಹೆಸರಿನ ಮುಂದೆ ಬಂದು ಕುಳಿತಿತು! ಒಣಗಿದ ಮಾಲಿಗೆ ತೇವದ ಹೆಸರು ಬಂದರೆ ಗಂಜ್‌ನಲ್ಲಿ ಅದು ಸಣ್ಣ ಮಾತಲ್ಲ. ಕೀ ಎಂಬುದು ಸಾಲಿನ ಗುರುತೇ ಹೊರತು ಅದರ ಸ್ಥಾನವಲ್ಲ ಎಂಬುದು ಆಗ ಅರ್ಥವಾಗಿ, ಚೀಟಿ ಸಂಖ್ಯೆಯನ್ನೇ ಕೀ ಮಾಡಿದೆ. ಅಭಿವೃದ್ಧಿಯ ಹಂತದಲ್ಲಿ ದರ ತರಿಸುವ ವಿನಂತಿ ಎರಡೆರಡು ಬಾರಿ ಹೋಗುತ್ತಿದ್ದುದು ಮಾತ್ರ ದೋಷವಲ್ಲ. ದರ ತರಿಸುವಂಥ ಹೊರಗಿನ ಕೆಲಸ ಮಾಡುವ, ಆದರೆ ಮುಗಿದ ಮೇಲೆ ಸ್ವಚ್ಛಗೊಳಿಸದೆ ಬಿಟ್ಟ ಎಫೆಕ್ಟ್‌ಗಳನ್ನು ಬಯಲಿಗೆಳೆಯಲು ಸ್ಟ್ರಿಕ್ಟ್ ಮೋಡ್ ಎಂಬ ರಿಯಾಕ್ಟ್ ತಪಾಸಣೆ ಬೇಕೆಂದೇ ಹಾಗೆ ಮಾಡುತ್ತದೆ.

ಕಲಿಯುವವರ ಕಷ್ಟ ಬೇರೆಯದು. 2019ರಲ್ಲಿ 16.8ನೇ ಆವೃತ್ತಿಯೊಡನೆ, ಕ್ಲಾಸ್ ಬರೆಯದೆ ಸಾದಾ ಫಂಕ್ಷನ್ನಿನಲ್ಲೇ ಸ್ಟೇಟ್ ಬಳಸಲು ಬಿಡುವ ಹುಕ್ಸ್ ಬಂದ ಮೇಲೆ ಬರವಣಿಗೆಯ ರೀತಿಯೇ ಬದಲಾಯಿತು. ಹಾಗಿದ್ದೂ ಇಲ್ಲಿನ ತರಬೇತಿ ಕೇಂದ್ರವೊಂದರಲ್ಲಿ ನನಗೆ ಹಳೆಯ ಕ್ಲಾಸ್ ಪದ್ಧತಿಯನ್ನೇ ಕಲಿಸಿದರು. ಹೊಸ ಯೋಜನೆಯ ಚೌಕಟ್ಟು ಹಾಕಿಕೊಡಲು ಅಲ್ಲಿ ಹೇಳಿಕೊಟ್ಟ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಅನ್ನು ಹೊಸ ಕೆಲಸಕ್ಕೆ ಬಳಸಬೇಡಿರೆಂದು ರಿಯಾಕ್ಟ್ ತಂಡವೇ 2025ರ ಫೆಬ್ರವರಿಯಲ್ಲಿ ತಿಳಿಸಿದೆ. ನಾನು ಅದರ ಬದಲು ವೀಟ್ ಎಂಬ ಸಾಧನ ಬಳಸಿದೆ. ಪುಟದಿಂದ ಪುಟಕ್ಕೆ ಹೋಗುವ ವ್ಯವಸ್ಥೆಯೂ ರಿಯಾಕ್ಟ್‌ನ ಒಳಗಿಲ್ಲ, ಅದಕ್ಕೆ ಬೇರೆ ಲೈಬ್ರರಿ ಸೇರಿಸಿಕೊಳ್ಳಬೇಕು.

ಅದೇ ಅಂಗಡಿಯವರು ಆ ದಿನದ ದರವನ್ನು ರೈತರಿಗೆ ತೋರಿಸುವ ಪುಟವೊಂದನ್ನೂ ಕೇಳಿದ್ದರು. ಅದನ್ನು ಸಾದಾ ಎಚ್‌ಟಿಎಂಎಲ್‌ನಲ್ಲಿಯೇ ಮುಗಿಸಿದೆ. ದಿನಕ್ಕೊಮ್ಮೆ ಬದಲಾಗುವ ನಾಲ್ಕು ಅಂಕಿಗಳಿಗಾಗಿ, ಹಳ್ಳಿಯ ಕುಂಟುವ ನೆಟ್‌ವರ್ಕ್‌ನಲ್ಲಿ ಹಳೆಯ ಮೊಬೈಲ್ ಹಿಡಿದು ಕುಳಿತವರು ಇಡೀ ಲೈಬ್ರರಿಯನ್ನು ಇಳಿಸಿಕೊಳ್ಳುವಂತೆ ಮಾಡುವುದು ನನಗೆ ಸರಿಕಾಣಲಿಲ್ಲ.