ಡೇವೆಂಟರ್, ಜುಟ್ಫೆನ್, ಕಾಂಪೆನ್: ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಯಾವ ಊರು?

ನೆದರ್‌ಲ್ಯಾಂಡ್ಸ್‌ಗೆ ಓದಲು ಬಂದವರೆಲ್ಲ ಮೊದಲು ಆಮ್‌ಸ್ಟರ್‌ಡ್ಯಾಮಿಗೆ ಓಡುತ್ತಾರೆ. ಅಲ್ಲಿಯ ಖರ್ಚು ನೋಡಿದ ಮೇಲೆ ಬೇರೆ ಊರು ಕೇಳುತ್ತಾರೆ. ನಾನು ಹೇಳುವುದು ಪೂರ್ವದ ಕಡೆಯ ಐಸೆಲ್ ನದಿಯ ಊರುಗಳನ್ನು. ರೈನ್ ನದಿಯ ಕವಲು ಇದು. ಮಧ್ಯಯುಗದಲ್ಲಿ ಉತ್ತರ ಯುರೋಪಿನ ವ್ಯಾಪಾರಿ ಊರುಗಳ ಒಕ್ಕೂಟವಾಗಿದ್ದ ಹಾನ್ಸಾದ ಕಾಲದಲ್ಲಿ ಇದರ ದಂಡೆಯ ಪೇಟೆಗಳು ತುಂಬಾ ಶ್ರೀಮಂತವಾಗಿದ್ದವು. ಈಗ ಸದ್ದಿಲ್ಲ, ನೂಕುನುಗ್ಗಲಿಲ್ಲ.

ನಾನು ಇದೇ ಪೂರ್ವದ ಕಡೆಯ ಎನ್ಸ್ಕೆಡೆ ಊರಲ್ಲಿ ಓದುವಾಗ ರಜೆ ಸಿಕ್ಕಾಗೆಲ್ಲ ಈ ಮೂರು ಊರುಗಳಲ್ಲಿ ಯಾವುದಾದರೊಂದಕ್ಕೆ ಹೋಗುತ್ತಿದ್ದೆ. ಬೆಳಿಗ್ಗೆ ಹೋಗಿ ರಾತ್ರಿ ವಾಪಸ್. ಇಂಥ ಚಿಕ್ಕ ಊರಲ್ಲಿ ಅಗ್ಗದ ಹಾಸ್ಟೆಲ್ ಸಿಗುವುದು ಕಷ್ಟ, ಹೋಟೆಲ್ ನಮ್ಮ ಕೈಗೆಟುಕುವುದಿಲ್ಲ. ಹಾಗಾಗಿ ನನ್ನ ಅಳತೆ ಒಂದೇ: ರೈಲಿನ ದುಡ್ಡು ಕೊಟ್ಟ ಮೇಲೆ ಊರು ನನಗೆ ಏನೇನು ಬಿಟ್ಟಿಯಾಗಿ ತೋರಿಸುತ್ತೆ?

ನಿಜವಾದ ಖರ್ಚು ರೈಲಿನದ್ದೇ. ಬ್ಯಾಂಕ್ ಕಾರ್ಡ್ ತೋರಿಸಿ ಸುಮ್ನೆ ಹತ್ತಿದರೆ ಪೂರ್ತಿ ದರ ಬೀಳುತ್ತೆ. ಅಲ್ಲೇ ನೆಲೆಸಿದವರು ದಟ್ಟಣೆ ಇಲ್ಲದ ಹೊತ್ತಿನ ರಿಯಾಯಿತಿ ಕಾರ್ಡ್ ಮಾಡಿಸಿಕೊಂಡರೆ 40% ಕಮ್ಮಿ. ವಾರಾಂತ್ಯ ಪೂರ್ತಿ ಇದು ನಡೆಯುತ್ತೆ. ಆಗಾಗ ಅಂಗಡಿಗಳಲ್ಲೂ ಅಗ್ಗದ ದಿನದ ಟಿಕೆಟ್ ಮಾರುತ್ತಾರೆ, ಕಣ್ಣಿಟ್ಟಿರಿ. ಊಟಕ್ಕೆ ಬುತ್ತಿ ಕಟ್ಟಿಕೊಳ್ಳಿ. ನಾನು ಚಿತ್ರಾನ್ನ ಒಯ್ಯುತ್ತಿದ್ದೆ. ನಲ್ಲಿ ನೀರು ಎಲ್ಲ ಕಡೆ ಕುಡಿಯಬಹುದು, ಬಾಟಲಿ ಕೊಳ್ಳುವ ಕೆಲಸವೇ ಇಲ್ಲ.

ಮೊದಲ ನೋಟಕ್ಕೆ ಕಾಂಪೆನ್ನನ್ನು ಮೀರಿಸುವ ಊರಿಲ್ಲ. ಪಕ್ಕದ ದೊಡ್ಡ ಊರು ಜ್ವೊಲ್ಲೆಯಲ್ಲಿ ಚಿಕ್ಕ ರೈಲು ಹಿಡಿದರೆ ಹತ್ತು ನಿಮಿಷ. ಅದೇ ಕೊನೆಯ ಸ್ಟೇಷನ್, ಮತ್ತು ಅದು ಇರುವುದು ನದಿಯ ಆಚೆ ದಡದಲ್ಲಿ. ಹೊರಗೆ ಬಂದರೆ ಎದುರಿಗೇ ಸೇತುವೆ. ಅದನ್ನು ಎತ್ತುವ ದೊಡ್ಡ ಚಕ್ರಗಳಿಗೆ ಚಿನ್ನದ ಬಣ್ಣ. ಸೇತುವೆ ಮಧ್ಯೆ ನಿಂತರೆ ಗೋಪುರಗಳು, ಹಳೇ ಕೋಟೆ ಬಾಗಿಲು, ಸಾಲು ಮನೆ, ಹಡಗು ಎಲ್ಲ ಒಟ್ಟಿಗೆ ಕಾಣುತ್ತೆ. ಒಂದು ಪೈಸೆ ಖರ್ಚಿಲ್ಲ.

ಒಳಗೆ ಹೋದಾಗ ದಂಡೆಯ ಗೋಡೆಗಳನ್ನು ಹತ್ತಿರದಿಂದ ನೋಡಿ. ಅಲ್ಲಲ್ಲಿ ಉದ್ದುದ್ದ ಸೀಳು ಇರುತ್ತವೆ. ನೀರು ಏರಿದಾಗ ಆ ಸೀಳಿಗೆ ಹಲಗೆ ಇಳಿಸಿ ಊರನ್ನು ಮುಚ್ಚುತ್ತಾರೆ. ಈ ಕೆಲಸಕ್ಕೆ ಊರಿನ ಸ್ವಯಂಸೇವಕರದೇ ಪಡೆ ಇದೆ. ಮನೆ ಗೋಡೆ, ತೋಟದ ಗೋಡೆಗಳೂ ಈ ತಡೆಯ ಭಾಗ. ನನಗೆ ಚರ್ಚುಗಳಿಗಿಂತ ಇದೇ ಜಾಸ್ತಿ ಹಿಡಿಸಿತು. ಗೋಪುರದ ಮೇಲೆ ಬೆಳೆದ ಹುಲ್ಲು ಮೇಯಿಸಲು ಹಸುವನ್ನೇ ಹಗ್ಗ ಕಟ್ಟಿ ಮೇಲೆಳೆದರು ಅನ್ನೋ ಕಥೆಯೂ ಇದೇ ಊರಿನದು. ಬೇಸಿಗೆಯಲ್ಲಿ ‘ಹೊಸ ಗೋಪುರ’ ಅನ್ನೋ ಹೆಸರಿನ ಹಳೇ ಗೋಪುರಕ್ಕೆ ಒಂದು ಆಟಿಕೆ ಹಸು ನೇತುಹಾಕುತ್ತಾರೆ. ಆದರೆ ಮಧ್ಯಾಹ್ನದ ಹೊತ್ತಿಗೆ ಊರು ಮುಗಿದುಹೋಗುತ್ತೆ. ಭಾನುವಾರವಂತೂ ಬೇಡ, ಎಷ್ಟೋ ಅಂಗಡಿ ಮುಚ್ಚಿರುತ್ತವೆ.

ಜುಟ್ಫೆನ್ ಓಣಿಗಳ ಊರು. ಬೆರ್ಕೆಲ್ ಅನ್ನೋ ಪುಟ್ಟ ನದಿ ಊರ ಒಳಗೇ ಹರಿದು ಐಸೆಲ್ ಸೇರುತ್ತೆ. ಗೋಪುರಗಳಿಗೆ ಲೆಕ್ಕವಿಲ್ಲ. ನದಿ ಮಾತ್ರ ಸ್ವಲ್ಪ ಪಕ್ಕಕ್ಕೆ ಉಳಿದುಬಿಡುತ್ತೆ, ಅದಕ್ಕೇ ನಾನು ಒಂದು ಅಂಕ ಕಳೆಯುತ್ತೇನೆ. ಆದರೆ ಮೂರೂ ಊರಲ್ಲಿ ದುಡ್ಡು ಕೊಟ್ಟು ನೋಡಬೇಕಾದದ್ದು ಒಂದೇ ಅಂದರೆ ಅದು ಇಲ್ಲಿದೆ: ವಾಲ್ಬುರ್ಗಿಸ್ ಚರ್ಚಿನ ಲಿಬ್ರೈ. 1560ರ ದಶಕದಲ್ಲಿ ಕಟ್ಟಿದ ಪುಸ್ತಕಾಲಯ. ಪುಸ್ತಕಗಳನ್ನು ಈಗಲೂ ಓದುವ ಮೇಜಿಗೆ ಸರಪಳಿ ಹಾಕಿ ಕಟ್ಟಿದ್ದಾರೆ. ಸರಪಳಿ ಎಷ್ಟು ಉದ್ದವೋ ಅಷ್ಟೇ ಓದುವ ಜಾಗ. ನೆಲದ ಕೆಂಪು ಹೆಂಚಿನ ಮೇಲೆ ಪ್ರಾಣಿಯ ಹೆಜ್ಜೆ ಗುರುತು ಕಾಣುತ್ತವೆ. ಉಪವಾಸದ ದಿನ ಕದ್ದು ಕೋಳಿ ತಿಂದ ಸನ್ಯಾಸಿಯನ್ನು ಹಿಡಿಯಲು ಸೈತಾನ ಬಂದಿದ್ದ, ಅವು ಅವನ ಹೆಜ್ಜೆ ಅಂತ ಕಥೆ. ಬಾಗಿಲು ತೆರೆಯುವ ಸಮಯ ಮೊದಲೇ ನೋಡಿಕೊಂಡು ಹೋಗಿ, ದಿನವಿಡೀ ತೆರೆದಿರುವುದಿಲ್ಲ.

ಇನ್ನು ಡೇವೆಂಟರ್. ನನ್ನ ಮತ ಇದಕ್ಕೇ. ಎನ್ಸ್ಕೆಡೆಯಿಂದ ಬದಲಿಸದೆ ಮುಕ್ಕಾಲು ಗಂಟೆ. ಸ್ಟೇಷನ್ನಿನಿಂದ ಬ್ರಿಂಕ್ ಚೌಕಕ್ಕೆ ಐದಾರು ನಿಮಿಷದ ನಡಿಗೆ. ಚೌಕದಲ್ಲಿ ವ್ಯಾಪಾರದ ಸರಕು ತೂಗುತ್ತಿದ್ದ 1528ರ ಕಟ್ಟಡ ಇದೆ. ಅದರ ಗೋಡೆಗೆ ಒಂದು ದೊಡ್ಡ ತಾಮ್ರದ ಕಡಾಯಿ ನೇತುಹಾಕಿದ್ದಾರೆ. 1434ರಲ್ಲಿ ಖೋಟಾ ನಾಣ್ಯದವನನ್ನು ಕುದಿಸಿ ಕೊಂದದ್ದು ಅದರಲ್ಲೇ ಅಂತ ಹೇಳುತ್ತಾರೆ. ಶನಿವಾರ ಅದೇ ಚೌಕದಲ್ಲಿ ಸಂತೆ. ಸಂತೆ ಮುಗಿಯುವ ಹೊತ್ತಿಗೆ ಹಣ್ಣಿನವರು ಬೆಲೆ ಇಳಿಸಿ ಕೂಗುತ್ತಾರೆ, ಒಂದು ಬುಟ್ಟಿ ಹಣ್ಣಿನಲ್ಲಿ ನನ್ನ ವಾರ ಕಳೆಯುತ್ತಿತ್ತು. ಡೇವೆಂಟರ್ ಕೋಕ್ ಅನ್ನೋ ಜೇನು ಹಾಕಿದ ಕೇಕ್ ಕೊಂಡರೆ ಬೇಗ ಕೆಡುವುದಿಲ್ಲ, ಒಂದು ತುಂಡಿಗೇ ಹೊಟ್ಟೆ ತುಂಬುತ್ತೆ.

ಆಮೇಲೆ ನದಿ. ವಿಲ್‌ಹೆಲ್ಮಿನಾ ಸೇತುವೆ ಮೇಲೆ ನಡೆದು ಆಚೆ ದಡಕ್ಕೆ ಹೋಗಿ, ವೋರ್ಪ್ ಅನ್ನೋ ಹಳೇ ಉದ್ಯಾನದ ಹತ್ತಿರ ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿ. ಎದುರಿಗೆ ಲೆಬುಯಿನಸ್ ಚರ್ಚು, ಇಡೀ ಊರು. ಉದ್ದ ಸರಕು ದೋಣಿಗಳು ನಿಧಾನವಾಗಿ ಹೋಗುತ್ತಿರುತ್ತವೆ. ವಾಪಸ್ ಬರಲು ಜನರ ಪುಟ್ಟ ದೋಣಿ ಇದೆ, ಚಿಲ್ಲರೆ ಖರ್ಚು, ಆದರೂ ಅದೊಂದನ್ನು ನಾನು ಬಿಡುತ್ತಿರಲಿಲ್ಲ. ಕಾಂಪೆನ್‌ನಲ್ಲಿ ನದಿಯನ್ನು ದಾಟುತ್ತೀರಿ, ಜುಟ್ಫೆನ್‌ನಲ್ಲಿ ಹುಡುಕಿಕೊಂಡು ಹೋಗುತ್ತೀರಿ. ಡೇವೆಂಟರ್‌ನಲ್ಲಿ ಅದರ ಜೊತೆ ಅರ್ಧ ದಿನ ಕೂರಬಹುದು. ಮಳೆ ಬಂದರೆ ಹಳೇ ಪುಸ್ತಕದ ಅಂಗಡಿಗಳಿವೆ, ಯಾರೂ ಎದ್ದೇಳಿ ಅನ್ನುವುದಿಲ್ಲ. ಆಗಸ್ಟ್‌ನ ಮೊದಲ ಭಾನುವಾರ ದಂಡೆ, ಬೀದಿ ಎಲ್ಲ ಸೇರಿ 6 ಕಿ.ಮೀ. ಉದ್ದಕ್ಕೆ ಪುಸ್ತಕ ಸಂತೆ ನಡೆಯುತ್ತೆ, ಪ್ರವೇಶ ಬಿಟ್ಟಿ. ಶಾಂತಿ ಬೇಕಾದವರು ಆ ದಿನ ಬೇರೆ ಊರು ನೋಡಿ.

ಒಂದೇ ದಿನ ಎರಡು ಊರು ಬೇಕಾದರೆ ಜುಟ್ಫೆನ್ ಮತ್ತು ಡೇವೆಂಟರ್ ಸೇರಿಸಿಕೊಳ್ಳಿ. ರೈಲಿನಲ್ಲಿ ಕಾಲು ಗಂಟೆಯೂ ಇಲ್ಲ, ಸೈಕಲ್ ಇದ್ದರೆ ಸುಮಾರು 16 ಕಿ.ಮೀ. ಸಮತಟ್ಟಾದ ದಾರಿ. ಸ್ಟೇಷನ್ನಿನ ಬಾಡಿಗೆ ಸೈಕಲ್ ತೆಗೆದುಕೊಂಡರೆ ಅದೇ ಸ್ಟೇಷನ್ನಿಗೆ ವಾಪಸ್ ಕೊಡಿ, ಬೇರೆ ಕಡೆ ಬಿಟ್ಟರೆ ಜಾಸ್ತಿ ದುಡ್ಡು ಹಿಡಿಯುತ್ತಾರೆ. ಶನಿವಾರವಾದರೆ ಬೆಳಿಗ್ಗೆ ಜುಟ್ಫೆನ್ ಮುಗಿಸಿ, ಸಂತೆ ಎತ್ತುವ ಮುಂಚೆ ಡೇವೆಂಟರ್ ತಲುಪಿ.