ಸಿನಾಯ್ ರೈಲು ದಾರಿಯ ನಕ್ಷೆ: ಹಳಿ ಇದೆ, ನೀರಿನ ಪೈಪ್ ಇಲ್ಲ

ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ತುರ್ಕರ ವಿರುದ್ಧ ಈಜಿಪ್ಟಿನಿಂದ ಸಿನಾಯ್ ಮರಳುಗಾಡು ದಾಟಿ ಪ್ಯಾಲೆಸ್ಟೈನ್‌ಗೆ ನುಗ್ಗಿದ ದಾರಿಯ ಮಡಿಚುವ ನಕ್ಷೆಯೊಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್ ಪ್ಯಾಲೆಸ್ಟೈನ್‌ನ ಬಂದರು ಊರು ಹೈಫಾವರೆಗೆ ಹೇಗೆ ಹೋದರು ಅಂತ ಬೆರಳಿಟ್ಟು ನೋಡಬೇಕು ಅನ್ನುವ ಆಸೆ ನನಗೆ ಬಹಳ ದಿನದಿಂದ ಇತ್ತು.

ಮುದ್ರಣ ತುಂಬಾ ಚೆನ್ನಾಗಿದೆ. ಸುಯೆಜ್ ಕಾಲುವೆ ಪಕ್ಕದ ಕಂಟಾರಾದಿಂದ ಹೊರಟ ಹಳಿ ರೊಮಾನಿ ದಾಟಿ ಎಲ್ ಅರೀಶ್, ರಫಾ ಕಡೆ ಸಾಗುವುದು ಒಂದೇ ನೋಟಕ್ಕೆ ಸಿಗುತ್ತದೆ. 1916ರ ಆಗಸ್ಟ್‌ನಲ್ಲಿ ರೊಮಾನಿ ಯುದ್ಧ, ಡಿಸೆಂಬರ್‌ನಲ್ಲಿ ಎಲ್ ಅರೀಶ್ ಕೈಗೆ ಬಂತು, 1917ರ ಜನವರಿಯಲ್ಲಿ ರಫಾ. ಸೈನ್ಯ ಹಳಿಯನ್ನು ಬಿಟ್ಟು ಜಾಸ್ತಿ ದೂರ ಹೋಗಲೇ ಇಲ್ಲ, ಅದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಆದರೆ ನೀರು ಎಲ್ಲಿ? ಹಳಿಯ ಜೊತೆಗೇ 12 ಇಂಚಿನ ಪೈಪ್ ಹಾಕಿದ್ದರು. ನೈಲ್ ನದಿಯ ನೀರನ್ನು ಕಂಟಾರಾದಲ್ಲಿ ಶುದ್ಧ ಮಾಡಿ ಮರಳುಗಾಡಿನೊಳಗೆ ಪಂಪ್ ಮಾಡುತ್ತಿದ್ದರು. ಕುದುರೆ, ಒಂಟೆ, ಮನುಷ್ಯರು, ಇಂಜಿನ್, ಎಲ್ಲಕ್ಕೂ ನೀರು ಬೇಕಲ್ವಾ? ಆ ಪೈಪ್ ಇಲ್ಲದಿದ್ದರೆ ಈ ನಕ್ಷೆಯಲ್ಲಿರುವ ಕೆಂಪು ಬಾಣಗಳಲ್ಲಿ ಒಂದೂ ಮುಂದೆ ಹೋಗುತ್ತಿರಲಿಲ್ಲ. ಹಳಿಗೂ ಪೈಪಿಗೂ ಬೆವರು ಸುರಿಸಿದ ಈಜಿಪ್ಟಿನ ಕೂಲಿಗಳ ಬಗ್ಗೆ ಅಂಚಿನ ಟಿಪ್ಪಣಿಯಲ್ಲೂ ಒಂದು ಸಾಲಿಲ್ಲ. ದಂಡನಾಯಕರ ಹೆಸರು ಮಾತ್ರ ಸಾಲುಸಾಲಾಗಿ ಇವೆ. ನನಗೆ ನಿಜಕ್ಕೂ ಬೇಜಾರಾಯಿತು.

ಇನ್ನೊಂದು ತಪ್ಪು. ಎಲ್ಲ ಹಳಿಯನ್ನೂ ಒಂದೇ ಥರದ ಗೆರೆಯಲ್ಲಿ ಎಳೆದಿದ್ದಾರೆ. ಬ್ರಿಟಿಷರ ಹಳಿಯ ಅಗಲ 1435 ಮಿಲಿಮೀಟರ್, ತುರ್ಕರದ್ದು 1050. ತುರ್ಕರ ಹಳಿ ಕೈಗೆ ಸಿಕ್ಕರೂ ಅದರ ಮೇಲೆ ಬ್ರಿಟಿಷರ ಇಂಜಿನ್ ಓಡುವುದಿಲ್ಲ, ಒಂದೋ ಸಾಮಾನನ್ನು ಇಳಿಸಿ ಬೇರೆ ಗಾಡಿಗೆ ಹೇರಬೇಕು, ಇಲ್ಲವೇ ಹೊಸ ಹಳಿ ಹಾಕಬೇಕು. ನಕ್ಷೆ ನೋಡಿದವರಿಗೆ ಇದು ಹೇಗೆ ಗೊತ್ತಾಗಬೇಕು?

ಹೈಫಾ ಮೂಲೆಯಲ್ಲಿ ಪುಟ್ಟ ಚೌಕದಲ್ಲಿದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆ ಸವಾರರು ಕೆಳಗಿನಿಂದ ಊರಿಗೆ ನುಗ್ಗಿದರೆ, ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಅಲ್ಲಿನ ಫಿರಂಗಿಗಳ ಮೇಲೆ ಬಿತ್ತು. ಆದರೆ ಇಲ್ಲಿ ಬೆಟ್ಟದ ಹೆಸರು ಮಾತ್ರ ಇದೆ, ಏರು ತೋರಿಸಿಲ್ಲ. ನಾನು ದುಡ್ಡು ಕೊಟ್ಟಿದ್ದೇ ಅದಕ್ಕೆ.

ಕಾಗದ ಗಟ್ಟಿ, ಆದರೆ ಮಡಿಕೆ ಸರಿಯಾಗಿ ಎಲ್ ಅರೀಶ್ ಮೇಲೇ ಬಿದ್ದು ಆಗಲೇ ಹರಿಯುತ್ತಿದೆ. ಐದಕ್ಕೆ ಮೂರು ಕೊಡುತ್ತೇನೆ. ತಗೊಳ್ಳುವವರು ತಗೊಳ್ಳಿ, ಜೊತೆಗೆ ಒಂದು ನೀಲಿ ಪೆನ್ ಇಟ್ಟುಕೊಳ್ಳಿ. ನಾನು ಕಂಟಾರಾದಿಂದ ಎಲ್ ಅರೀಶ್‌ವರೆಗೆ ಪೈಪನ್ನು ನಾನೇ ಎಳೆದುಕೊಂಡಿದ್ದೇನೆ.