ಕುಂಬಳ ಮಸಾಲೆ ಬಾಟಲಿ ಮತ್ತು ಕುಂಬಳ ಡಬ್ಬಿ: ಒಂದಕ್ಕೆ ಎರಡು ಸ್ಟಾರ್, ಇನ್ನೊಂದಕ್ಕೆ ನಾಲ್ಕೂವರೆ

ಮೂರು ವಾರದಲ್ಲಿ ಐದು ಲೋಫ್ (ಬ್ರೆಡ್ಡಿನ ಆಕಾರದ ಕೇಕು), ಎರಡು ಸಲ ಕುಕ್ಕಿ, ಒಂದು ಪೈ (ಹಿಟ್ಟಿನ ಪದರಕ್ಕೆ ಹೂರಣ ತುಂಬಿ ಬೇಯಿಸುವ ಸಿಹಿ). ಇಷ್ಟೆಲ್ಲ ಬೇಯಿಸಿ ತಿಂದ ಮೇಲೆ ಬರೆಯುತ್ತಿದ್ದೇನೆ, ಮುಚ್ಚಳ ತೆಗೆದು ಮೂಸಿ ಸುಮ್ನೆ ಸ್ಟಾರ್ ಕೊಟ್ಟಿದ್ದಲ್ಲ. ಎಲೆ ಉದುರುವ ಕಾಲ ಬಂದ ಕೂಡಲೇ ಎಲ್ಲ ಕಡೆ ಈ ಕಿತ್ತಳೆ ಬಣ್ಣದ ಬಾಟಲಿ, ಡಬ್ಬಿಗಳೇ ಕಾಣುತ್ತವೆ ಅಲ್ವಾ? ನಾನೂ ಎರಡನ್ನೂ ತಂದೆ. ಒಂದು ಪಂಪ್‌ಕಿನ್ ಸ್ಪೈಸ್ ಅನ್ನುವ ಮಸಾಲೆ ಪುಡಿ, ಇನ್ನೊಂದು ಬೇಯಿಸಿ ರುಬ್ಬಿಟ್ಟ ಸಿಹಿಗುಂಬಳದ ಪ್ಯೂರಿ. ಕಂಪನಿ ಹೆಸರು ಬರೆಯುವುದಿಲ್ಲ. ನನ್ನ ತಕರಾರು ಒಂದು ಕಂಪನಿಯ ಮೇಲಲ್ಲ, ಈ ಜಾತಿಯ ಬಾಟಲಿಗಳ ಮೇಲೇ.

ಮೊದಲು ಬಾಟಲಿ. ಹೆಸರಿನಲ್ಲಿ ಕುಂಬಳ ಇದೆ, ಒಳಗೆ ಕುಂಬಳದ ಸುಳಿವೂ ಇಲ್ಲ. ಇದು ಮೋಸವೇನಲ್ಲ, ಕುಂಬಳದ ಪೈಗೆ ಹಾಕುವ ಮಸಾಲೆ ಅಂತಷ್ಟೇ ಅದರ ಅರ್ಥ. ಅಮೆರಿಕದ ಮೆಕಾರ್ಮಿಕ್ ಕಂಪನಿ 1934ರಲ್ಲೇ ಪಂಪ್‌ಕಿನ್ ಪೈ ಸ್ಪೈಸ್ ಅಂತ ಬೆರೆಸಿ ಮಾರಲು ಶುರು ಮಾಡಿತ್ತು, ಆಮೇಲೆ ಬರ್ತಾ ಬರ್ತಾ 'ಪೈ' ಅನ್ನುವ ಪದ ಉದುರಿಹೋಯಿತು. 2003ರಲ್ಲಿ ಸ್ಟಾರ್‌ಬಕ್ಸ್ ಕಾಫಿ ಕಂಪನಿ ಅದೇ ಹೆಸರಿನ ಲ್ಯಾಟೆ, ಅಂದರೆ ಹಾಲು ಜಾಸ್ತಿ ಹಾಕಿದ ಕಾಫಿ, ತಂದಾಗಲೂ ಅದರಲ್ಲಿ ಕುಂಬಳ ಇರಲಿಲ್ಲ, 2015ರಲ್ಲಿ ಸೇರಿಸಿದರು. ಅಂದರೆ ಹನ್ನೆರಡು ವರ್ಷ ಜನ ಕುಂಬಳ ಅಂದುಕೊಂಡು ಕುಡಿದಿದ್ದು ಚಕ್ಕೆ, ಲವಂಗದ ಘಮವನ್ನು.

ಬಾಟಲಿ ತಿರುಗಿಸಿ ನೋಡಿದೆ. ಚಕ್ಕೆ, ಒಣಶುಂಠಿ, ಜಾಯಿಕಾಯಿ, ಆಲ್‌ಸ್ಪೈಸ್, ಲವಂಗ. ಈ ಪಟ್ಟಿಯನ್ನು ಸಾಮಾನ್ಯವಾಗಿ ತೂಕ ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಬರೆಯುತ್ತಾರೆ, ಹಾಗಾಗಿ ಮೊದಲು ಯಾವುದಿದೆ ಅಂತ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ಇನ್ನರ್ಧ ಅಂಗೈಯಲ್ಲಿ ಗೊತ್ತಾಗುತ್ತದೆ. ಒಂದು ಚಿಟಿಕೆ ಪುಡಿಯನ್ನು ಅಂಗೈಗೆ ಹಾಕಿ ಹೆಬ್ಬೆರಳಿನಿಂದ ಬಿಸಿಯಾಗುವ ತನಕ ಉಜ್ಜಿದೆ. ಮೊದಲು ಚಕ್ಕೆಯ ಸಿಹಿ ವಾಸನೆ ಬಂತು, ಆಮೇಲೆ ಮತ್ತೆ ಚಕ್ಕೆ, ಕೊನೆಗೆ ಹಳೇ ಬೀರು ತೆಗೆದಾಗ ಬರುವ ಥರದ ಮುಗ್ಗಲು. ಶುಂಠಿಯ ಖಾರ ಎಲ್ಲೂ ಇಲ್ಲ. ಜಾಯಿಕಾಯಿಯಂತೂ ಹೆಸರಿಗೆ ಮಾತ್ರ. ಪುಡಿ ಮಾಡಿದ ಮಸಾಲೆಯ ಘಮ ಬೇಗ ಹಾರಿಹೋಗುತ್ತದೆ, ಇದು ಪುಡಿಯಾಗಿ ಎಷ್ಟು ಕಾಲ ಆಗಿತ್ತೋ.

ಆದರೂ ಬೇಯಿಸಿ ನೋಡದೆ ಬೈಯಬಾರದು. ಮೊದಲ ಲೋಫ್‌ಗೆ ಬಾಟಲಿ ಮೇಲೆ ಹೇಳಿದ ಹಾಗೆ ಎರಡು ಟೀ ಚಮಚ ಹಾಕಿದೆ. ಚಕ್ಕೆ ಬ್ರೆಡ್ ಆಯಿತು. ಕೆಟ್ಟದಾಗೇನೂ ಇರಲಿಲ್ಲ, ಆದರೆ ಕುಂಬಳಕ್ಕೆ ಬೇಕಾದ ಆ ಬೆಚ್ಚಗಿನ ಖಾರ ಇಲ್ಲ, ಒಂದೇ ಸ್ವರ ಹಿಡಿದು ಕೂತ ಹಾಗೆ. ಸರಿ, ಎರಡನೇ ಸಲ ನಾಲ್ಕು ಚಮಚ. ಅದು ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ. ಮೊದಲ ತುಂಡು ಬಾಯಿಗಿಟ್ಟ ಮಗಳು ಅಗಿಯುವುದು ನಿಲ್ಲಿಸಿ, "ಅಮ್ಮಾ, ಇದು ಹಲ್ಲಿನ ಡಾಕ್ಟರ್ ವಾಸನೆ" ಅಂದಳು. ಸರಿಯಾಗೇ ಹೇಳಿದ್ದಳು. ಲವಂಗದಲ್ಲಿರುವ ಯೂಜಿನಾಲ್ ಅನ್ನುವ ಎಣ್ಣೆಯನ್ನೇ ಹಲ್ಲಿನ ಚಿಕಿತ್ಸೆಯಲ್ಲೂ ಬಳಸುತ್ತಾರೆ, ನಾಲಿಗೆ ಜೋಮು ಹಿಡಿಸುವುದೂ ಅದೇ. ಆಲ್‌ಸ್ಪೈಸ್‌ನಲ್ಲೂ ಅದೇ ಇದೆ. (ಹೆಸರು ನೋಡಿ ಎಲ್ಲ ಮಸಾಲೆ ಬೆರೆಸಿದ್ದು ಅಂತ ನಾನೂ ತುಂಬ ವರ್ಷ ನಂಬಿದ್ದೆ. ಅಲ್ಲ, ಅದು ಒಂದೇ ಮರದ ಒಣಗಿಸಿದ ಕಾಯಿ.) ಬೆರೆಸಿಟ್ಟ ಪುಡಿಯ ತೊಂದರೆ ಇದೇ. ಶುಂಠಿ ಸಾಲದು ಅಂತ ಜಾಸ್ತಿ ಹಾಕಿದರೆ ಲವಂಗವೂ ಜೊತೆಗೇ ಜಾಸ್ತಿಯಾಗುತ್ತದೆ. ಒಂದನ್ನು ಬಿಟ್ಟು ಒಂದನ್ನು ಏರಿಸಲು ಆಗುವುದೇ ಇಲ್ಲ.

ಮೂರನೇ ಸಲಕ್ಕೆ ಬಾಟಲಿ ಪಕ್ಕಕ್ಕಿಟ್ಟು ನಾನೇ ಬೆರೆಸಿದೆ. ಆರು ಟೀ ಚಮಚ ಚಕ್ಕೆ ಪುಡಿ, ಎರಡು ಚಮಚ ಒಣಶುಂಠಿ ಪುಡಿ, ಒಂದು ಚಮಚ ಜಾಯಿಕಾಯಿ ತುರಿ, ಅರ್ಧ ಚಮಚ ಆಲ್‌ಸ್ಪೈಸ್ ಪುಡಿ, ಅರ್ಧ ಚಮಚ ಲವಂಗದ ಪುಡಿ. ಆಲ್‌ಸ್ಪೈಸ್ ಸಿಗದಿದ್ದರೆ ಬಿಡಿ, ಚಿಟಿಕೆ ಲವಂಗ ಮತ್ತು ಇನ್ನೊಂದು ಚಿಟಿಕೆ ಜಾಯಿಕಾಯಿ ಹಾಕಿದರೆ ಹತ್ತಿರ ಹತ್ತಿರ ಬರುತ್ತದೆ. ಹತ್ತು ನಿಮಿಷದ ಕೆಲಸ. ಬೇರೆ ಏನನ್ನಾದರೂ ಪುಡಿಯನ್ನೇ ತನ್ನಿ, ಜಾಯಿಕಾಯಿ ಮಾತ್ರ ಇಡಿಯದು ತಂದು ಆಗಾಗಲೇ ತುರಿದುಕೊಳ್ಳಿ. ಸಣ್ಣ ತುರಿಮಣೆಗೆ ನಾಲ್ಕು ಸಲ ಎಳೆದರೆ ಒಳಗೆ ಕಂದು ಗೆರೆಗಳು ಹರಡಿದ ನಕ್ಷೆ ಕಾಣುತ್ತದೆ, ಬೀಳುವ ಪುಡಿ ಸ್ವಲ್ಪ ಜಿಡ್ಡು ಜಿಡ್ಡಾಗಿ ಬೆರಳಿಗೆ ಅಂಟುತ್ತದೆ. ಆ ಜಿಡ್ಡಿನಲ್ಲೇ ಎಲ್ಲ ಇರುವುದು. ಬಾಟಲಿಯ ಪುಡಿ ಧೂಳಿನ ಹಾಗೆ ಜಾರುತ್ತಿತ್ತು.

ಇನ್ನೊಂದು ವಿಷಯ. ಮಸಾಲೆಯನ್ನು ಮೈದಾ ಜೊತೆ ಬೆರೆಸಬೇಡಿ. ಎಣ್ಣೆಯನ್ನು ಉಗುರುಬೆಚ್ಚಗಿಂತ ಸ್ವಲ್ಪ ಜಾಸ್ತಿ ಬಿಸಿ ಮಾಡಿ, ಒಲೆ ಆರಿಸಿ, ಅದರಲ್ಲಿ ಮಸಾಲೆ ಹಾಕಿ ಐದು ನಿಮಿಷ ಬಿಡಿ. ಈ ಘಮಗಳು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಟ್ಟುಕೊಳ್ಳುತ್ತವೆ. ಒಗ್ಗರಣೆ ಹಾಕಿ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಡಬ್ಬಿ. ಇದನ್ನು ಬೈಯಲೆಂದೇ ತಂದಿದ್ದೆ, ನಿಜ ಹೇಳುತ್ತೇನೆ. ಕುಂಬಳಕಾಯಿ ಬೇಯಿಸಿ ರುಬ್ಬಲು ಯಾರಿಗೆ ಡಬ್ಬಿ ಬೇಕು, ಸೋಮಾರಿಗಳಿಗೆ ಅಂತ ಅಂದುಕೊಂಡಿದ್ದೆ. ಹಾಗಾಗಿ ಒಂದು ಲೋಫ್ ನಾನೇ ಬೇಯಿಸಿದ ಕುಂಬಳದಲ್ಲಿ, ಇನ್ನೊಂದು ಡಬ್ಬಿಯದರಲ್ಲಿ, ಎರಡನ್ನೂ ಒಂದೇ ದಿನ ಮಾಡಿದೆ. ನನ್ನದು ಮೇಲೆ ನೋಡಲು ಚೆಂದ, ಕೊಯ್ದರೆ ತಳದಲ್ಲಿ ಬೆರಳು ದಪ್ಪದ ಅಂಟು ಪಟ್ಟಿ. ಮನೆಯವರು ಪಾಪ, "ಯಾಕೋ ತಳದಲ್ಲಿ ಹಸಿ ಹಸಿ ಇದೆ" ಅಂದರು, ಅಷ್ಟೇ. "ನಾನು ನೀರು ಸರಿಯಾಗೇ ಬಸಿದಿದ್ದೆ" ಅಂತ ನಾನು ಕೂಗಿದೆ. ನೀರಿನ ಮಾತನ್ನು ಅವರು ಎತ್ತಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ಅಕ್ಷರಶಃ ಕುಂಬಳಕಾಯಿಯ ವಿಷಯದಲ್ಲೇ ನನಗೆ ಅನ್ವಯಿಸಿದ್ದು ಅವತ್ತು.

ನೀರೇ ಕಾರಣ. ಕುಂಬಳದಲ್ಲಿ ನೂರಕ್ಕೆ ತೊಂಬತ್ತು ಭಾಗ ನೀರು, ಅದನ್ನು ಮತ್ತೆ ನೀರಲ್ಲಿ ಬೇಯಿಸಿದರೆ ಇನ್ನಷ್ಟು. ಡಬ್ಬಿಯದರಲ್ಲಿ ಚಮಚ ನೆಟ್ಟಗೆ ನಿಲ್ಲುತ್ತದೆ. ಪ್ರತಿ ಡಬ್ಬಿಯೂ ಹೆಚ್ಚು ಕಡಿಮೆ ಅದೇ ಹದ, ಬೇಕಿಂಗ್‌ಗೆ ಬೇಕಾಗಿರುವುದೂ ಅದೇ. ಅಮೆರಿಕದ ಡಬ್ಬಿಗಳಿಗೆ ಹೆಚ್ಚಾಗಿ ಹಾಕುವುದು ಡಿಕಿನ್‌ಸನ್ ಅನ್ನುವ ತಳಿ. ಅದು ಮುಖ ಕೆತ್ತಿ ದೀಪ ಇಡುವ ಕಿತ್ತಳೆ ಕುಂಬಳದ ಜಾತಿಯಲ್ಲ, ಬಟರ್‌ನಟ್ ಕುಂಬಳದ ಜಾತಿ, ಸಿಪ್ಪೆ ತಿಳಿ ಕಂದು, ತಿರುಳು ಗಟ್ಟಿ. ಕೆತ್ತುವ ಕುಂಬಳ ತಂದು ಪ್ಯೂರಿ ಮಾಡಲು ಹೋಗಬೇಡಿ, ಬರೀ ನಾರು, ನೀರು. ಮನೆಯಲ್ಲೇ ಮಾಡುತ್ತೇನೆ ಅನ್ನುವವರು ಬೇಯಿಸುವ ಬದಲು ಹೋಳು ಮಾಡಿ ಓವನ್‌ನಲ್ಲಿ ಸುಟ್ಟು, ರುಬ್ಬಿ, ಬಟ್ಟೆಯಲ್ಲಿ ಒಂದು ಗಂಟೆ ತೂಗುಹಾಕಿ. ನಾಲ್ಕನೇ ಲೋಫ್ ಹಾಗೆ ಮಾಡಿದೆ, ಡಬ್ಬಿಗಿಂತ ರುಚಿಯಾಗಿತ್ತು. ಆದರೆ ಅರ್ಧ ದಿನ ಹೋಯಿತು.

ಡಬ್ಬಿಗೆ ಅರ್ಧ ಸ್ಟಾರ್ ಕಡಿಮೆ ಕೊಟ್ಟಿದ್ದು ಎರಡು ಕಾರಣಕ್ಕೆ. ಒಂದು, 425 ಗ್ರಾಂ ಡಬ್ಬಿ, ನನ್ನ ಲೋಫ್‌ಗೆ ಬೇಕಾಗುವುದು 240. ಉಳಿದದ್ದು ಫ್ರಿಜ್ಜಿನಲ್ಲಿ ಕೂತು ದಿನಾ ನಮ್ಮನ್ನೇ ನೋಡುತ್ತಿರುತ್ತದೆ. ಎರಡನೆಯದು ದೊಡ್ಡದು. ಪಕ್ಕದಲ್ಲೇ ಅದೇ ಬಣ್ಣದಲ್ಲಿ ಪಂಪ್‌ಕಿನ್ ಪೈ ಮಿಕ್ಸ್ ಅಂತ ಇನ್ನೊಂದು ಡಬ್ಬಿ ಇಡುತ್ತಾರೆ. ಅದಕ್ಕೆ ಸಕ್ಕರೆ, ಮಸಾಲೆ ಎಲ್ಲ ಮೊದಲೇ ಹಾಕಿರುತ್ತಾರೆ. ಅವಸರದಲ್ಲಿ ಅದನ್ನು ತಂದೆ, ಸಕ್ಕರೆಯನ್ನೂ ಎಂದಿನಷ್ಟೇ ಹಾಕಿದೆ. ಐದನೇ ಲೋಫ್‌ನ ಕಥೆ ಅಷ್ಟಕ್ಕೇ ಮುಗಿಯಿತು. ಪಟ್ಟಿಯಲ್ಲಿ ಕುಂಬಳ ಅನ್ನುವ ಒಂದೇ ಪದ ಇರಬೇಕು, ಎರಡನೇ ಪದ ಕಂಡರೆ ವಾಪಸ್ ಇಟ್ಟುಬಿಡಿ.

ಕುಕ್ಕಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕುಂಬಳ ಹಾಕಿದ ಕುಕ್ಕಿ ಗರಿಗರಿ ಆಗುವುದಿಲ್ಲ, ಪುಟ್ಟ ಕೇಕಿನ ಹಾಗೆ ಉಬ್ಬುತ್ತದೆ, ಅದೂ ನೀರಿನ ಕಾರಣಕ್ಕೇ. ಎರಡನೇ ಸಲ ಪ್ಯೂರಿಯನ್ನು ಪೇಪರ್ ಟವಲ್ ಮೇಲೆ ಹರಡಿ ಒತ್ತಿ ಒತ್ತಿ ನೀರು ತೆಗೆದು, ಮೊಟ್ಟೆಯ ಹಳದಿ ಮಾತ್ರ ಹಾಕಿದೆ. ಆಗ ಅಂಚು ಅಗಿಯುವ ಹಾಗೆ ಬಂತು. ಪೈ ಮಧ್ಯದಲ್ಲಿ ಬಿರುಕು ಬಿಟ್ಟಿತು. ಮೊಟ್ಟೆ ಜಾಸ್ತಿ ಬೆಂದರೆ ಹಾಗಾಗುತ್ತದೆ, ನಡುವೆ ಇನ್ನೂ ಸ್ವಲ್ಪ ಅಲುಗಾಡುತ್ತಿರುವಾಗಲೇ ಹೊರಗೆ ತೆಗೆಯಬೇಕಿತ್ತು.

ಕೊನೆಗೆ ಮನೆಯಲ್ಲಿ ಎಲ್ಲರೂ ಒಪ್ಪಿದ್ದು ಮೂರನೇ ಲೋಫ್. ಅದರ ಲೆಕ್ಕ ಇಷ್ಟು. 210 ಗ್ರಾಂ ಮೈದಾ, 200 ಗ್ರಾಂ ಸಕ್ಕರೆ, 240 ಗ್ರಾಂ ಪ್ಯೂರಿ, 120 ಮಿಲಿ ಎಣ್ಣೆ, ಎರಡು ಮೊಟ್ಟೆ, ಒಂದು ಟೀ ಚಮಚ ಅಡುಗೆ ಸೋಡಾ, ಅರ್ಧ ಚಮಚ ಉಪ್ಪು, ಎರಡೂವರೆ ಚಮಚ ನಾನು ಬೆರೆಸಿದ ಮಸಾಲೆ. ಹಿಟ್ಟು ಹಾಕಿದ ಮೇಲೆ ಜಾಸ್ತಿ ಕಲಸಬೇಡಿ, ಬಿಳಿ ಗೆರೆ ಮಾಯವಾದರೆ ಸಾಕು. 175 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ, ಆದರೆ 50 ನಿಮಿಷ ಆದಾಗಲೇ ಒಂದು ಸಲ ಕಡ್ಡಿ ಚುಚ್ಚಿ ನೋಡಿ. ಕಡ್ಡಿಗೆ ಒಂದೆರಡು ಪುಡಿ ಅಂಟಿದ್ದರೆ ಆಯಿತು, ಹಸಿ ಹಿಟ್ಟು ಅಂಟಿದರೆ ಇನ್ನೂ ಬಿಡಿ. ಬೆಣ್ಣೆ ಬೇಡ, ಎಣ್ಣೆಯೇ ಸರಿ, ತಣ್ಣಗಾದ ಮೇಲೂ ಮೆತ್ತಗಿರುತ್ತದೆ. ಆಮೇಲೆ ಅತಿ ಕಷ್ಟದ ಕೆಲಸ: ಅವತ್ತು ತಿನ್ನಬೇಡಿ. ಬಿಸಿಯಾಗಿದ್ದಾಗ ಲವಂಗ ಮುಂದೆ ನುಗ್ಗುತ್ತದೆ, ಮಾರನೇ ದಿನಕ್ಕೆ ತಣ್ಣಗೆ ಹಿಂದಕ್ಕೆ ಸರಿದು ಕುಂಬಳಕ್ಕೆ ಜಾಗ ಬಿಡುತ್ತದೆ. ನಮ್ಮ ಮನೆಯಲ್ಲಿ ಮಾರನೇ ದಿನಕ್ಕೆ ಉಳಿದದ್ದು ಎರಡು ತುಂಡು. ಎರಡೂ ನಾನೇ ಬಚ್ಚಿಟ್ಟಿದ್ದು.

ಡಬ್ಬಿಯನ್ನು ಮತ್ತೆ ತರುತ್ತೇನೆ. ಬಾಟಲಿಯನ್ನು ತರುವುದಿಲ್ಲ. ಅದರಲ್ಲಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿದೆ, ಮಗಳು ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ಸಕ್ಕರೆ ಜೊತೆ ಉದುರಿಸಿಕೊಂಡು ತಿನ್ನುತ್ತಾಳೆ, ಚೆನ್ನಾಗಿದೆ ಅನ್ನುತ್ತಾಳೆ. ನಾನೂ ಒಂದು ತುಂಡು ತಿಂದು ನೋಡಿದೆ, ನಿಜವಾಗಿಯೂ ಚೆನ್ನಾಗಿತ್ತು. ಒಂದು ಸ್ಟಾರ್ ಎರಡಾಗಿದ್ದು ಅದಕ್ಕೇ.